ಹನ್ನೊಂದನೆಯ ಲೈಬ್ರರಿ

ತಮ್ಮ ಕಣ್ಣು ಯಾವ ತಾರೀಕಿಗೆ ಹೋಗುತ್ತದೆ ಎಂಬುದು ಆ ಮೂವತ್ತೊಂದು ಮಂದಿಗೆ ಮೊದಲೇ ಗೊತ್ತಾಯಿತು. ಜನವರಿಯ ಮೊದಲ ವಾರ ಕಂಪನಿಯ ವಕೀಲರಿಂದ ಎಲ್ಲರ ಮನೆಗೂ ಒಂದೇ ಬಗೆಯ ಪತ್ರ ಬಂತು. ಮಾರ್ಚ್ ಮೂವತ್ತೊಂದರ ಸಂಜೆ ಆರು ಗಂಟೆಗೆ ಅವರ ಸೊಂಟದ ಮೇಲಿರುವ ಡಬ್ಬಿ ಕೆಲಸ ನಿಲ್ಲಿಸುತ್ತದೆ; ಕಂಪನಿ ಮುಚ್ಚಿರುವುದರಿಂದ ಅದರ ಪರವಾನಗಿಯನ್ನು ನವೀಕರಿಸುವವರು ಯಾರೂ ಇಲ್ಲ; ಇದರಿಂದಾಗುವ ತೊಂದರೆಗೆ ವಿಷಾದಿಸುತ್ತೇವೆ.

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದೆ ಹೊಲಿಗೆ ಯಂತ್ರ ರಿಪೇರಿ ಮಾಡುವ ಚನ್ನವೀರನಿಗೆ ಆ ಪತ್ರವನ್ನು ಓದಿ ಹೇಳಿದವಳು ಅವನ ಹೆಂಡತಿ ಮಹಾನಂದಾ.

"ವಿಷಾದ ಅಂತೇನು?" ಎಂದ ಚನ್ನವೀರ. "ಪಾಪ, ಅವರಿಗೂ ದುಃಖ ಆಗೇತಿ ಬಿಡು."

ಅವನ ದೃಷ್ಟಿ ಮಗಳು ಮುಕ್ತಾ ಹುಟ್ಟುವ ಹಿಂದಿನ ವರ್ಷವೇ ಪೂರ್ತಿ ಹೋಗಿತ್ತು. ಆರು ವರ್ಷದ ಹಿಂದೆ, ಮುಕ್ತಾಳಿಗೆ ಎಂಟು ತುಂಬಿದಾಗ, ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಅವನಿಗೆ ಕೃತಕ ಅಕ್ಷಿಪಟಲ ಕೂಡಿಸಿದರು. ಕನ್ನಡಕದ ನಡುವಿನ ಸಣ್ಣ ಕ್ಯಾಮೆರಾ ಎದುರಿನ ದೃಶ್ಯವನ್ನು ಹಿಡಿದು ಡಬ್ಬಿಗೆ ಕಳಿಸುತ್ತದೆ. ಡಬ್ಬಿ ಅದನ್ನು ಸೋಸಿ ಮೂರು ಸಾವಿರದ ಆರುನೂರು ಚುಕ್ಕೆಗಳಿಗೆ ಇಳಿಸುತ್ತದೆ. ಕಣ್ಣಿನ ಹಿಂಭಾಗಕ್ಕೆ ಅಂಟಿಸಿದ ಕಿರುಬೆರಳ ಉಗುರಿನಷ್ಟು ಹಾಳೆಯೊಂದು ಆ ಚುಕ್ಕೆಗಳನ್ನು ನರಕ್ಕೆ ಮುಟ್ಟಿಸುತ್ತದೆ. ಮೂರು ಸಾವಿರದ ಆರುನೂರು ಚುಕ್ಕೆ ಬಹಳವೇನಲ್ಲ. ಯಾವುದನ್ನು ಬೆಳಗಿಸಬೇಕು, ಯಾವುದನ್ನು ಕತ್ತಲಾಗಿ ಬಿಡಬೇಕು ಎಂದು ಡಬ್ಬಿ ಮಾಡುವ ತೀರ್ಮಾನದ ಮೇಲೆ ನೋಟವೆಲ್ಲ ನಿಂತಿತ್ತು.

ಆ ಡಬ್ಬಿಯ ಸಾಫ್ಟ್‌ವೇರ್ ತಯಾರಾದ ಕಂಪನಿಯಲ್ಲೇ ಮಹಾನಂದಾ ಒಂಬತ್ತು ವರ್ಷ ಕೆಲಸ ಮಾಡಿದ್ದಳು. ಕೋಡ್ ಬರೆಯುವವರು ಬೇರೆ ಇದ್ದರು. ಅವರು ಬರೆದದ್ದನ್ನೆಲ್ಲ ಒಟ್ಟುಗೂಡಿಸಿ, ಡಬ್ಬಿಗೆ ಹಾಕುವಂತೆ ಕಟ್ಟಿಕೊಡುವುದು ಅವಳ ಕೆಲಸ. ಕಂಪನಿ ಮುಚ್ಚಿದ ಮೇಲೆ ಒಂದು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದಳು. ಆಸ್ಪತ್ರೆಯ ಡಾಕ್ಟರ್ ವಸುಧಾ ಇನಾಮದಾರ ನ್ಯಾಯಾಲಯಕ್ಕೆ ಹೋಗಿ, ಮುಚ್ಚಿದ ಕಂಪನಿಯ ಮೂಲ ಕೋಡನ್ನೂ ಡಬ್ಬಿಗೆ ಹೊಸ ಸಾಫ್ಟ್‌ವೇರ್ ತುಂಬುವ ಕೀಲಿಯನ್ನೂ ಬಿಡಿಸಿಕೊಂಡು ಬಂದಾಗ, ಮೊದಲು ಫೋನ್ ಮಾಡಿದ್ದು ಮಹಾನಂದಾಳಿಗೆ.

"ಕೋಡ್ ಪೂರಾ ಅದ ಅಂತಾರ. ನೀವು ಕಟ್ಟಿಕೊಟ್ರ ಪರವಾನಗಿ ತಪಾಸಣೆ ಇಲ್ಲದ ಹೊಸಾದನ್ನ ನಾವ ತುಂಬಬಹುದು. ಆಗ್ತದಲ್ರಿ?"

"ಆಗ್ತೈತ್ರಿ ಡಾಕ್ಟರ್," ಎಂದಿದ್ದಳು ಮಹಾನಂದಾ, ಒಂದು ಕ್ಷಣವೂ ಯೋಚಿಸದೆ.

ಆಸ್ಪತ್ರೆಯ ನೆಲಮಾಳಿಗೆಯ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಫೆಬ್ರುವರಿಯಲ್ಲಿ ಅವಳು ಕೆಲಸಕ್ಕೆ ಕೂತಳು. ಮೊದಲ ದಿನವೇ ಕೆಲಸ ನಿಂತಿತು. ಕಂಪನಿಯ ಕೋಡೇನೋ ಪೂರ್ತಿ ಇತ್ತು. ಆದರೆ ಯಾವ ದೊಡ್ಡ ಸಾಫ್ಟ್‌ವೇರನ್ನೂ ಒಂದೇ ಮನೆಯವರು ಪೂರ್ತಿ ಬರೆಯುವುದಿಲ್ಲ. ಚಿತ್ರ ಕುಗ್ಗಿಸುವುದಕ್ಕೆ, ಲೆಕ್ಕ ಮಾಡುವುದಕ್ಕೆ, ಬ್ಯಾಟರಿ ಕಾಯುವುದಕ್ಕೆ ಹೊರಗಿನ ಯಾರೋ ಬರೆದು ಹಂಚಿದ ಸಿದ್ಧ ಕೋಡ್ ಇರುತ್ತದೆ. ಅದನ್ನು ಲೈಬ್ರರಿ ಎನ್ನುತ್ತಾರೆ. ಕಟ್ಟುವಾಗ, ಇಂಥ ಲೈಬ್ರರಿ ಇಂಥ ಜಾಗದಲ್ಲಿದೆ ಎಂದು ಕಂಪ್ಯೂಟರಿಗೆ ದಾರಿ ಹೇಳಬೇಕು. ಈ ಡಬ್ಬಿಗೆ ಹನ್ನೊಂದು ಲೈಬ್ರರಿ ಬೇಕಿತ್ತು. ಐದು ಜನ ಎಂಜಿನಿಯರುಗಳು ಐದು ಕಡೆ ಅವನ್ನು ಇಟ್ಟುಕೊಂಡಿದ್ದರು. ಒಬ್ಬನ ದಾರಿ ಇನ್ನೊಬ್ಬನ ಯಂತ್ರದಲ್ಲಿ ಇರಲೇ ಇಲ್ಲ. ಕೆಲವು ದಾರಿಗಳು ಮಾರಿಹೋದ ಕಂಪ್ಯೂಟರುಗಳ ಕಡೆ ಬೆರಳು ತೋರಿಸುತ್ತಿದ್ದವು.

ಒಂದು ಲೈಬ್ರರಿ ಎರಡು ಜಾಗದಲ್ಲಿ ಎರಡು ಆವೃತ್ತಿಯಾಗಿ ಸಿಕ್ಕಿತು. ಯಂತ್ರ ಅದರ ಹೆಸರುಗಳ ಕಡತವನ್ನು ಹಳೆಯದರಿಂದಲೂ ನಿಜವಾದ ಕೋಡನ್ನು ಹೊಸದರಿಂದಲೂ ಎತ್ತಿಕೊಂಡು, ಒಂದೂ ತಪ್ಪು ತೋರಿಸದೆ ಕಟ್ಟಿ ಮುಗಿಸಿತು. ಪರೀಕ್ಷೆಯ ಪರದೆಯ ಮೇಲೆ ಮಾತ್ರ ಬಾಗಿಲೊಂದು ಗಾಳಿಗೆ ವಾಲಿದ ಕಂಬದ ಹಾಗೆ ಓರೆಯಾಗಿ ನಿಂತಿತ್ತು. ಯಾಕೆಂದು ಹುಡುಕಲು ಅವಳಿಗೆ ಮೂರು ದಿನ ಹಿಡಿಯಿತು. ಆಮೇಲೆ ಅವಳು ಎಲ್ಲಕ್ಕೂ ಒಂದೇ ಫೋಲ್ಡರ್ ಮಾಡಿದಳು. ಯಾವ ಲೈಬ್ರರಿ, ಯಾವ ಆವೃತ್ತಿ, ಎಲ್ಲಿಂದ ತಂದದ್ದು ಎಂದು ಒಂದು ಪಟ್ಟಿ ಬರೆದು, ಅದನ್ನು ಬಿಟ್ಟು ಬೇರೆಲ್ಲೂ ಇಣುಕಬಾರದೆಂದು ಯಂತ್ರಕ್ಕೆ ಕಟ್ಟಳೆ ಹಾಕಿದಳು. ಒಂದೊಂದಾಗಿ ಹತ್ತು ಸಿಕ್ಕವು.

ಹನ್ನೊಂದನೆಯದು ಆಕಾರಗಳ ಅಂಚನ್ನು ಗುರುತಿಸುವ ಲೈಬ್ರರಿ. ಅದರ ದಾರಿ ಪ್ರಹ್ಲಾದ ಗಲಗಲಿ ಎಂಬ ಎಂಜಿನಿಯರನ ಸ್ವಂತ ಫೋಲ್ಡರಿಗೆ ಹೋಗುತ್ತಿತ್ತು. ಪ್ರಹ್ಲಾದ ತೀರಿಕೊಂಡು ಮೂರು ವರ್ಷವಾಗಿತ್ತು. ಆದರೆ ಆ ಲೈಬ್ರರಿ ಅಪರೂಪದ್ದಲ್ಲ, ಇಂಟರ್ನೆಟ್ಟಿನಲ್ಲಿ ಯಾರಿಗಾದರೂ ಸಿಗುವಂಥದು. ಮಹಾನಂದಾ ಅದನ್ನು ಇಳಿಸಿಕೊಂಡು ಪಟ್ಟಿಗೆ ಸೇರಿಸಿದಳು. ಈ ಸಲ ಎಲ್ಲ ಸರಿಯಾಗಿ ಕಟ್ಟಿಕೊಂಡಿತು. ಬಾಗಿಲು ನೆಟ್ಟಗಿತ್ತು. ಮೆಟ್ಟಿಲು, ಬಸ್ಸಿನ ಬೋರ್ಡು, ತಾಟಿನ ಅಂಚು, ಎಲ್ಲ ಪರೀಕ್ಷೆಯೂ ಪಾಸಾಯಿತು.

ಆ ಭಾನುವಾರ ಒಂದು ಬಿಡಿ ಡಬ್ಬಿಗೆ ಹೊಸ ಸಾಫ್ಟ್‌ವೇರ್ ತುಂಬಿಕೊಂಡು ಮನೆಗೆ ತಂದಳು. ಚನ್ನವೀರ ತನ್ನ ಹಳೆಯ ಡಬ್ಬಿ ಬಿಚ್ಚಿಟ್ಟು ಇದನ್ನು ಸಿಕ್ಕಿಸಿಕೊಂಡ. ಅಡಿಗೆ ಮನೆಯಲ್ಲಿ ನಿಂತು ಒಂದೊಂದೇ ಹೇಳತೊಡಗಿದ.

"ಒಲಿ. ಕುಕ್ಕರು. ಕಿಡಕಿ. ಏ, ಇದು ಮದಲಿನಕಿಂತ ಚೊಕ್ಕ ಐತೆಲ್ಲ! ಇಲ್ಲಿ ಚಮಚದ ಹಿಡಕಿ ಸುದ್ಧಾ ಕಾಣ್ತೈತಿ."

ಮಹಾನಂದಾ ನಕ್ಕಳು. ಅಷ್ಟರಲ್ಲಿ ಒಗೆದ ಬಟ್ಟೆ ಎತ್ತಿಕೊಂಡು ಮುಕ್ತಾ ಒಳಗೆ ಬಂದಳು. ಚನ್ನವೀರ ಅವಳ ಕಡೆ ತಿರುಗಿದ. ಕನ್ನಡಕವನ್ನು ಮೂಗಿನ ಮೇಲೆ ಎತ್ತಿ ಕೂಡಿಸಿದ. ಎರಡು ಹೆಜ್ಜೆ ಮುಂದೆ ಬಂದ.

"ಯಾಕಪ್ಪಾ?" ಎಂದಳು ಮುಕ್ತಾ.

"ಮುಕ್ತಾನ?"

"ಮತ್ಯಾರು?"

"ಮಾರಿ ಇಲ್ಲ," ಎಂದ ಅವನು, ಹೆಂಡತಿ ನಿಂತಿದ್ದ ಕಡೆಗೆ. "ಕೂದಲಾ ಐತಿ, ಕಿವಿ ಐತಿ, ಜಂಪರಿನ ಕಾಲರ್ ಐತಿ. ನಡುವ ಬರೇ ಬೆಳ್ಳಗ ಐತಿ. ಗೋಡಿ ಇದ್ದಂಗ."

ಅವನು ಹೆಂಡತಿಯ ಮುಖವನ್ನೂ ನೋಡಿದ. ಅಲ್ಲಿಯೂ ಇರಲಿಲ್ಲ.

ಮರುದಿನ ನೆಲಮಾಳಿಗೆಯಲ್ಲಿ ಮಹಾನಂದಾ ಹಳೆಯ ಸರ್ವರೊಂದರ ಪ್ರತಿಯನ್ನು ಜಾಲಾಡಿದಳು. ಮಧ್ಯಾಹ್ನದ ಹೊತ್ತಿಗೆ ಪ್ರಹ್ಲಾದನ ಲೈಬ್ರರಿಯ ಹೆಸರುಗಳ ಕಡತ ಸಿಕ್ಕಿತು. ಇಂಟರ್ನೆಟ್ಟಿನಿಂದ ತಂದದ್ದರ ಪಕ್ಕಕ್ಕಿಟ್ಟು ನೋಡಿದಳು. ಪ್ರಹ್ಲಾದನದರಲ್ಲಿ ಮೂರು ಹೆಸರು ಹೆಚ್ಚಿಗೆ ಇದ್ದವು. ಹುಬ್ಬನ್ನು ಎತ್ತಿಹಿಡಿಯುವುದು, ಬಾಯಿಯ ಗೆರೆ ಉಳಿಸುವುದು, ಕಣ್ಣಿನ ನೆರಳು ಅಳೆಯುವುದು. ಮುಖ ಎದುರಿಗೆ ಬಂದಾಗ ಯಾವ ಚುಕ್ಕೆ ಬೆಳಗಬೇಕೆಂದು ತೀರ್ಮಾನಿಸುತ್ತಿದ್ದುದು ಈ ಮೂರೇ. ಹೊರಗಿನವರ ಲೈಬ್ರರಿಯನ್ನು ಅವನು ತನ್ನ ಫೋಲ್ಡರಿನಲ್ಲಿ ಸದ್ದಿಲ್ಲದೆ ಬೆಳೆಸಿದ್ದ. ಡಬ್ಬಿಯ ಕೋಡು, ಆ ಮೂರು ಇದ್ದರೆ ಬಳಸುತ್ತಿತ್ತು, ಇಲ್ಲದಿದ್ದರೆ ದೂರದೆ ಮುಂದೆ ಹೋಗುತ್ತಿತ್ತು. ಕಡತದಲ್ಲಿ ಇದ್ದದ್ದು ಬರೀ ಹೆಸರು. ಅವು ಏನು ಮಾಡುತ್ತಿದ್ದವು ಎಂಬ ಕೋಡು ಎಲ್ಲೂ ಇರಲಿಲ್ಲ.

ಡಬ್ಬಿಗಳೊಳಗೆ ಅದು ಇನ್ನೂ ನಡೆಯುತ್ತಿತ್ತು, ನಿಜ. ಆದರೆ ಕಂಪನಿ ಡಬ್ಬಿಯನ್ನು ಬೀಗ ಹಾಕಿಯೇ ಕೊಟ್ಟಿತ್ತು. ಹೊಸದನ್ನು ತುಂಬಲು ಬರುತ್ತಿತ್ತು, ಒಳಗಿನದನ್ನು ಓದಲು ಬರುತ್ತಿರಲಿಲ್ಲ. ಬಿಚ್ಚಲು ಹೋದರೆ ತಾನೇ ಅಳಿಸಿಕೊಳ್ಳುತ್ತಿತ್ತು. ಮಾರ್ಚ್ ಮೂವತ್ತೊಂದಕ್ಕೆ ದಿನ ಎಣಿಸುತ್ತಿದ್ದ ಗಡಿಯಾರವೂ ಆ ಬೀಗದೊಳಗೇ ಇತ್ತು, ಅದನ್ನು ಹಿಂದಕ್ಕೆ ತಿರುಗಿಸಲೂ ಬರುತ್ತಿರಲಿಲ್ಲ.

ಲೈಬ್ರರಿಯ ದಾರಿ ಹೇಳುವ ಆ ಸಾಲನ್ನು ಬರೆದದ್ದು ಯಾರು, ಯಾವಾಗ ಎಂದು ಕೋಡಿನ ಇತಿಹಾಸದಲ್ಲಿ ದಾಖಲಾಗಿತ್ತು. ಮಹಾನಂದಾ ಅದನ್ನು ತೆರೆದು ನೋಡಿದಳು. ಏಳು ವರ್ಷದ ಹಿಂದಿನ ಒಂದು ಶುಕ್ರವಾರ. ಬರೆದವರ ಹೆಸರಿನ ಜಾಗದಲ್ಲಿ ಅವಳದೇ ಹೆಸರಿತ್ತು.

ಆಗ ಅವಳಿಗೆ ನೆನಪಾಯಿತು. ಪ್ರಹ್ಲಾದ ಅವಳ ಮೇಜಿನ ಹತ್ತಿರ ಬಂದು, "ಅಕ್ಕಾ, ಇದನ್ನ ನನ್ನ ಫೋಲ್ಡರಿನ್ಯಾಗ ಇಡೋದು ಬ್ಯಾಡ್ರಿ, ಎಲ್ಲಾರದೂ ಇರೋ ಕಡೆ ಇಟ್ಕೋರಿ" ಎಂದಿದ್ದ. ಮೊದಲ ಡಬ್ಬಿಗಳು ಸೋಮವಾರ ಆಸ್ಪತ್ರೆಗೆ ಹೋಗಬೇಕಿತ್ತು. "ಇದೊಂದು ಬಿಡುಗಡೆ ಮುಗೀಲಿ ಪ್ರಹ್ಲಾದ, ಇಡ್ತೀನಿ" ಎಂದು ಅವಳು ಅವನ ಫೋಲ್ಡರಿನ ದಾರಿಯನ್ನೇ ಬರೆದುಬಿಟ್ಟಿದ್ದಳು. ಸೋಮವಾರ ಡಬ್ಬಿಗಳು ಹೋದವು. ಅದರ ಹಿಂದೆಯೇ ಮತ್ತೊಂದು ಬಿಡುಗಡೆ ಬಂತು.

ಪ್ರಹ್ಲಾದನ ಹೆಂಡತಿ ಇಂದುಮತಿ ಧಾರವಾಡದ ಮಾಳಮಡ್ಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದಳು. ಮಹಾನಂದಾ ಮರುದಿನವೇ ಹೋದಳು. ಇಂದುಮತಿ ಅವಲಕ್ಕಿ ಹಚ್ಚಿಕೊಟ್ಟು, ಎದುರಿಗೆ ಕೂತಳು.

"ಅವರ ಕಂಪ್ಯೂಟರ್ ಏನರ ಉಳದದೇನ್ರಿ ಇಂದುಮತಿ?"

"ಎಲ್ಲೀದ್ರಿ? ಅವರು ಹೋದ ಹದಿನೈದು ದಿವಸಕ್ಕ ಕಂಪನಿ ವಕೀಲರ ಪತ್ರ ಬಂತು. ಕಂಪನಿಗೆ ಸೇರಿದ್ದು ಒಂದು ಕಾಗದ ಇಟ್ಕೊಂಡ್ರೂ ಕೇಸ್ ಹಾಕ್ತೀವಿ ಅಂದಿದ್ರು. ನಂಗ ಅಂಜಿಕಿ ಆತು. ಲ್ಯಾಪ್‌ಟಾಪ್ ಕೊಟ್ಟೆ. ಅವರ ಕಪಾಟಿನ್ಯಾಗ ಒಂದು ಸಣ್ಣ ಡಿಸ್ಕ್ ಇತ್ತು. ವಕೀಲರು ಕೇಳಿರಲಿಲ್ಲ, ನಾನ ಹುಡುಕಿ ಅದನ್ನೂ ಕೊಟ್ಟೆ. ಏನರ ಬೇಕಾಗಿತ್ತೇನ್ರಿ ಅದರಾಗ?"

ಕಂಪನಿಯ ಯಂತ್ರಗಳೊಳಗಿದ್ದದ್ದನ್ನೆಲ್ಲ ಅಳಿಸಿ ಅವನ್ನು ಹರಾಜು ಹಾಕಿದ್ದು ಮಹಾನಂದಾಳಿಗೆ ಗೊತ್ತಿತ್ತು. ಹರಾಜಿನ ಪಟ್ಟಿಗೆ ಸಹಿ ಮಾಡಿದವರಲ್ಲಿ ಅವಳೂ ಒಬ್ಬಳು.

"ಏನಿಲ್ರಿ," ಎಂದಳು. "ಹಂಗ ಕೇಳಿದೆ."

"ದಿನಾ ಮುಂಜಾನೆ ನನ್ನ ಕಿಡಕಿ ಹತ್ರ ಕೂಡಿಸಿ ಫೋಟೋ ತಗೋತಿದ್ರು," ಎಂದಳು ಇಂದುಮತಿ. "ಎಡಕ್ಕ ತಿರುಗು, ಬಲಕ್ಕ ತಿರುಗು, ಸ್ವಲ್ಪ ನಗು, ಈಗ ಸಿಟ್ಟು ಮಾಡು. ಸಾರು ಉಕ್ಕಲಿಕ್ಕತ್ತದ ಬಿಡ್ರೀ ಅಂತ ನಾ ಬಯ್ಯೋದು. ನಾಕು ವರ್ಷ ಹಿಂಗ ನಡೀತು. ಅದೇನು ಮಾಡಿದ್ರೋ ಏನೋ. ಉಪಯೋಗಕ್ಕರ ಬಂತೇನ್ರಿ ಅದು?"

"ಬಂತು," ಎಂದಳು ಮಹಾನಂದಾ. "ಮೂವತ್ತೊಂದು ಜನ ತಮ್ಮ ಮನಿಯವರ ಮಾರಿ ನೋಡಿದ್ದು ಅದರಿಂದನ. ನಮ್ಮ ಮನಿಯವರೂ ಮಗಳನ್ನ ಮದಲ ಸಲ ನೋಡಿದ್ದು ಅದರಾಗ."

ಇಂದುಮತಿಯ ಕಣ್ಣು ತುಂಬಿದವು. "ಈಗೂ ಕಾಣ್ತಾರ?"

"ಕಾಣ್ತಾರ್ರಿ."

ಆ ದಿನ ಮಾರ್ಚ್ ಇಪ್ಪತ್ತೊಂದು. ಹೇಳಿದ್ದು ಸುಳ್ಳಾಗಲು ಇನ್ನೂ ಹತ್ತು ದಿನವಿತ್ತು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಚಹಾ ಹಿಡಿದು ಕೂತಿದ್ದ ಚನ್ನವೀರ ಕೇಳುತ್ತ ಹೋದ.

"ಒಂದು ಸಾಲು?" ಎಂದ ಕೊನೆಗೆ.

"ಒಂದ ಸಾಲ್ರಿ."

"ಅದನ್ನ ಸರಿ ಮಾಡಾಕ ಎಷ್ಟೊತ್ತು ಬೇಕಿತ್ತು?"

"ಅರ್ಧ ತಾಸು."

ಅವನು ಕಪ್ಪು ಕೆಳಗಿಟ್ಟು, ಡಬ್ಬಿಯನ್ನು ಗೂಟದಲ್ಲೇ ಬಿಟ್ಟು, ಕೋಲು ತೆಗೆದುಕೊಂಡು ಅಂಗಡಿಗೆ ಹೋದ. ಎರಡು ದಿನ ಬೇಕಾದಷ್ಟೇ ಮಾತಾಡಿದ. ಮೂರನೆಯ ದಿನ ಊಟಕ್ಕೆ ಕೂತಾಗ ಕೇಳಿದ: "ಪ್ರಹ್ಲಾದ ಸತ್ತ ಸುದ್ದಿ ಬಂದಾಗ ನೀ ಭಾಳ ಅತ್ತಿದ್ದಿ. ಅವಾಗರ ನೆನಪಾಗಲಿಲ್ಲೇನು?"

"ಇಲ್ರಿ. ಅವಾಗ ಆತ ನೆನಪಾದ. ಆತನ ಫೋಲ್ಡರ್ ನೆನಪಾಗಲಿಲ್ಲ."

ಅವನು ಮತ್ತೆ ಅದರ ಮಾತು ಎತ್ತಲಿಲ್ಲ.

ಡಾಕ್ಟರ್ ಇನಾಮದಾರ ಮೂವತ್ತೊಂದು ಮಂದಿಯನ್ನೂ ಕರೆಸಿದರು. ಸಭೆಗೆ ಮುಂಚೆ ಮಹಾನಂದಾಳನ್ನು ಪಕ್ಕಕ್ಕೆ ಕರೆದು, "ಲೈಬ್ರರಿ ಕಳೀತು ಅಂತ ಅಷ್ಟ ಹೇಳ್ರಿ. ಯಾರ ತಪ್ಪು ಅನ್ನೋದು ಅವರಿಗೆ ಏನ ಉಪಯೋಗ?" ಎಂದರು. ಮಹಾನಂದಾ ತಲೆಯಾಡಿಸಿದಳು. ಆದರೆ ಎದ್ದು ನಿಂತಾಗ, ಕನ್ನಡಕ ಹಾಕಿದ ಮೂವತ್ತೊಂದು ಮುಖಗಳು ತನ್ನ ಮುಖವನ್ನು ನೋಡುತ್ತಿರುವಾಗ, ಅವಳಿಗೆ ಹಾಗೆ ಹೇಳಲಾಗಲಿಲ್ಲ. ಏಳು ವರ್ಷದ ಹಿಂದಿನ ಶುಕ್ರವಾರದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಪ್ರಹ್ಲಾದನಿಗೆ ನಾಲ್ಕು ವರ್ಷ ಹಿಡಿದದ್ದನ್ನು ಮತ್ತೆ ಬರೆಯಬಹುದು, ತಾನು ಶುರು ಮಾಡುತ್ತೇನೆ, ಆದರೆ ಎಂದಿಗೆ ಮುಗಿಯುತ್ತದೋ ಗೊತ್ತಿಲ್ಲ, ಅವನಷ್ಟು ಚೆನ್ನಾಗಿ ಆಗುತ್ತದೆಂದು ಮಾತು ಕೊಡಲಾರೆ ಎಂದಳು.

ಗದಗಿನಿಂದ ಬಂದಿದ್ದ ನೀಲವ್ವ ಎಂಬ ಎಪ್ಪತ್ತರ ಮುದುಕಿ ಕೇಳಿದಳು. "ಹೊಸಾದರಾಗ ಬಾಗಿಲಾ ಕಾಣ್ತೈತಿ?"

"ಕಾಣ್ತೈತಿ ಅವ್ವಾ."

"ಮೊಮ್ಮಗನ ಮಾರಿ ಕಾಣಂಗಿಲ್ಲ."

"ಕಾಣಂಗಿಲ್ಲ."

"ಬಾಗಿಲಾ ನಾ ಕೈಯಿಂದ ಮುಟ್ಟಿ ಹುಡುಕ್ತಿದ್ನಿ ಮದಲ. ಅದಕ್ಕೇನು ಕಣ್ಣು ಬೇಕಾಗಿರಲಿಲ್ಲ." ಮತ್ತೆ ಅಂದಳು: "ನೀ ಹೇಳದ ಇದ್ದಿದ್ರ ಆ ಕಂಪನಿಯವರನ್ನ ಬೈಕೋತ ಇರತಿದ್ನೆವಾ. ಈಗ ಯಾರನ್ನ ಬೈಲಿ?"

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಹಾನಂದಾಳಿಗೆ ಅನ್ನಿಸಿತು. ಬೆಳಗಾವಿಯ ಒಬ್ಬಾತ ಅಂದೇ ವಿಜಯಪುರದ ಬಸ್ಸು ಹತ್ತಿದ. ಅಲ್ಲಿ ಅವನ ತಂಗಿ ಇದ್ದಳಂತೆ, ಹನ್ನೆರಡು ವರ್ಷದಿಂದ ಮಾತು ಬಿಟ್ಟಿದ್ದರಂತೆ.

ಉಳಿದ ದಿನಗಳಲ್ಲಿ ಮಹಾನಂದಾ ನೆಲಮಾಳಿಗೆಯಲ್ಲಿ ಕೂತು, ಆ ಮೂರು ಹೆಸರುಗಳಿಗೆ ತಾನೇ ಕೋಡು ಬರೆಯಲು ಹೆಣಗಿದಳು. ಪರದೆಯ ಮೇಲೆ ಮುಖದ ಜಾಗದಲ್ಲಿ ಒಮ್ಮೆ ಕಪ್ಪು ಗುಂಡಿ ಬಂತು, ಒಮ್ಮೆ ಎಲ್ಲರದೂ ಒಂದೇ ಮುಖವಾಯಿತು. ಡಾಕ್ಟರ್ ಆ ಎರಡನೆಯದನ್ನು ನೋಡಿ, "ಇದು ಬ್ಯಾಡ್ರಿ. ಇದಕ್ಕಿಂತ ಏನೂ ಇಲ್ಲದ್ದ ಛಲೋ," ಎಂದರು.

ಮನೆಯಲ್ಲಿ ಚನ್ನವೀರ ಅಂಗಡಿಗೆ ಬಾಗಿಲು ಹಾಕಿ, ಹಳೆಯ ಡಬ್ಬಿ ಸಿಕ್ಕಿಸಿಕೊಂಡು ಮಗಳನ್ನು ನೋಡುತ್ತ ಕೂತಿದ್ದ. ಮುಕ್ತಾಳಿಗೆ ಒಂಬತ್ತನೆಯ ತರಗತಿಯ ಪರೀಕ್ಷೆ. ಓದುವಾಗ ನೋಡುತ್ತಿದ್ದ, ಉಣ್ಣುವಾಗ ನೋಡುತ್ತಿದ್ದ, ಜಡೆ ಹಾಕಿಕೊಳ್ಳುವಾಗ ಕನ್ನಡಿಯಲ್ಲಿ ನೋಡುತ್ತಿದ್ದ. ನಾಲ್ಕನೆಯ ದಿನ ಅವಳು ಪುಸ್ತಕ ಎಸೆದಳು.

"ಅಪ್ಪಾ, ಹಂಗ ನೋಡಬ್ಯಾಡ! ನಾ ಏನು ಸಾಯಾಕತ್ತೀನೇನು?"

ಚನ್ನವೀರ ತಪ್ಪು ಮಾಡಿದವನಂತೆ ಗೋಡೆಯ ಕಡೆ ತಿರುಗಿ ಕೂತ. ಆಮೇಲೆ ಅವಳು ಬೇರೆ ಕಡೆ ನೋಡುತ್ತಿರುವಾಗ ಮಾತ್ರ ನೋಡುತ್ತಿದ್ದ. ಅಷ್ಟೂ ದಿನ ಅವನು ಹೆಂಡತಿಯ ಕಡೆ ಹಾಗೆ ನೋಡಲಿಲ್ಲ. ಅವಳ ಮುಖ ಅವನಿಗೆ ಕುರುಡಾಗುವ ಮುಂಚಿನಿಂದಲೂ ಗೊತ್ತು, ಮಗಳದು ಇನ್ನು ಬದಲಾಗುವ ಮುಖ, ಅವನು ಮಾಡುವುದು ಸರಿಯೇ ಎಂದು ಮಹಾನಂದಾ ತನಗೆ ತಾನೇ ಹೇಳಿಕೊಂಡಳು. ಆದರೂ ಅವನೆದುರು ಹಾದುಹೋಗುವಾಗ ಅವಳ ಹೆಜ್ಜೆ ತುಸು ನಿಧಾನವಾಗುತ್ತಿತ್ತು.

ಮೂವತ್ತೊಂದನೆಯ ತಾರೀಕು ಬೆಳಿಗ್ಗೆ ಹತ್ತರಿಂದ ಆಸ್ಪತ್ರೆಯಲ್ಲಿ ಒಬ್ಬೊಬ್ಬರದೇ ಡಬ್ಬಿಗೆ ಹೊಸದನ್ನು ತುಂಬತೊಡಗಿದರು. ನೀಲವ್ವ ಬರಲಿಲ್ಲ. ಆರು ಗಂಟೆಯವರೆಗೂ ಮೊಮ್ಮಗನನ್ನು ನೋಡುತ್ತೇನೆ, ಆಮೇಲೆ ಕನ್ನಡಕ ತೆಗೆದಿಡುತ್ತೇನೆ ಎಂದು ಹೇಳಿ ಕಳಿಸಿದ್ದಳು. ಚನ್ನವೀರ ಒಂಬತ್ತನೆಯವನು. ಮುಕ್ತಾ ತಾನೇ ಹಟ ಮಾಡಿ ಬಂದಿದ್ದಳು. ಕುರ್ಚಿ ಎಳೆದುಕೊಂಡು ಅಪ್ಪನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು.

"ನೋಡು," ಎಂದಳು.

ಅವನು ನೋಡಿದ. ಅವಳು ನಗಲಿಕ್ಕೆ ಹೋಗಿ, ಆಗದೆ, ತುಟಿ ಕಚ್ಚಿಕೊಂಡಳು.

"ಮೂಗಿನ ಮ್ಯಾಲೆ ಗುಳ್ಳಿ ಎದ್ದೈತಲ್ಲವಾ," ಎಂದ ಚನ್ನವೀರ.

"ಅದನ್ನ ನೋಡಬ್ಯಾಡ."

"ಯಾಕ ಬ್ಯಾಡ? ಇರ್ಲಿ ಬಿಡು ಅದೂ."

ಗಾಜಿನ ಆಚೆ ಕಂಪ್ಯೂಟರಿನ ಮುಂದೆ ಮಹಾನಂದಾ ಕೂತಿದ್ದಳು. ಡಾಕ್ಟರ್ ಮೆಲ್ಲಗೆ, "ಇವರದು ನಾ ಮಾಡಲೇನ್ರಿ?" ಎಂದರು. ಅರೆತೆರೆದ ಬಾಗಿಲಿನಿಂದ ಅದು ಚನ್ನವೀರನಿಗೆ ಕೇಳಿಸಿತು.

"ಆಕೀನ ಒತ್ತಲಿ," ಎಂದ, ಮಗಳಿಂದ ಕಣ್ಣು ತೆಗೆಯದೆ.

ಅವನು ಈ ಕಡೆ ಒಮ್ಮೆ ತಿರುಗುತ್ತಾನೇನೋ ಎಂದು ಮಹಾನಂದಾ ಕಾದಳು. ತಿರುಗಲಿಲ್ಲ. ಅವಳು ಒತ್ತಿದಳು. ತುಂಬಲು ನಾಲ್ಕು ನಿಮಿಷ ಬೇಕಾಯಿತು. ಆ ನಾಲ್ಕು ನಿಮಿಷ ಅವನಿಗೆ ಪೂರ್ತಿ ಕತ್ತಲು. ಬೆಳಕು ಮರಳಿದಾಗ ಅವನು, "ಕುರ್ಚಿ ಕಾಣ್ತೈತಿ," ಎಂದ. ಮುಕ್ತಾ ಎದ್ದು ಅವನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಮಹಾನಂದಾ ಹತ್ತನೆಯವರನ್ನು ಕರೆದಳು.

ಮೂವತ್ತನೆಯ ಡಬ್ಬಿ ಮುಗಿದಾಗ ನಾಲ್ಕು ಗಂಟೆಯಾಗಿತ್ತು. ಆಸ್ಪತ್ರೆಯ ಅಂಗಳದಲ್ಲಿ ಇನ್ನೂ ಜನರಿದ್ದರು, ಮನೆಗೆ ಹೋಗಲು ಯಾರಿಗೂ ಮನಸ್ಸಿದ್ದಂತೆ ಕಾಣಲಿಲ್ಲ. ಅಲ್ಲಿ ಒಂದು ಹೊಸ ಪದ್ಧತಿ ಆಗಲೇ ಶುರುವಾಗಿತ್ತು. ಹತ್ತಿರ ಬರುವವರೆಲ್ಲ ತಮ್ಮ ಹೆಸರನ್ನು ಹೇಳಿಕೊಂಡು ಬರುತ್ತಿದ್ದರು. ನಾನು ಶರಣು ಅಪ್ಪಾ. ನಾನ್ರಿ, ನಿಮ್ಮ ಸಾವಂತ್ರಿ. ಕಾಕಾ, ನಾ ಬಸು. ಮೂವತ್ತು ನಲವತ್ತು ವರ್ಷ ಕೂಡಿ ಬಾಳಿದವರು ಅಂಗಳದ ತುಂಬ ಹೀಗೆ ತಮ್ಮ ತಮ್ಮ ಹೆಸರು ಹೇಳುತ್ತ ಓಡಾಡುತ್ತಿದ್ದರು.

ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಚನ್ನವೀರ ಒಬ್ಬನೇ ಕೂತಿದ್ದ. ಮುಕ್ತಾ ನೀರು ತರಲು ಹೋಗಿದ್ದಳು. ಮಹಾನಂದಾ ಎದುರಿಗೆ ಹೋಗಿ ನಿಂತಳು. ಹೆಸರು ಹೇಳಬೇಕೆಂದು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಅವನು ತಲೆಯೆತ್ತಿ ನೇರವಾಗಿ ಅವಳ ಮುಖದ ಕಡೆಗೇ ನೋಡಿದ. ಬೆಂಚಿನ ಮೇಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿಕೊಟ್ಟ.

"ಬರ್ರಿ, ಕುಂದರ್ರಿ," ಎಂದ ಮರ್ಯಾದೆಯಿಂದ. "ನಿಮ್ಮವರದೂ ಮುಗೀತೇನ್ರಿ?"

ಅವಳು ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಮುಗೀತ್ರಿ," ಎಂದಳು.

ದನಿ ಕೇಳಿ ಚನ್ನವೀರನ ಮುಖ ಬಿಳುಪೇರಿತು. ಅವಳ ಕಡೆ ಪೂರ್ತಿ ತಿರುಗಿ, ಏನೂ ಇಲ್ಲದ ಆ ಬಿಳಿಯ ಜಾಗವನ್ನು ಬಹಳ ಹೊತ್ತು ನೋಡಿದ.

"ನೀನಾ," ಎಂದ.

ಚೀಲವನ್ನು ಮತ್ತೆ ನಡುವೆ ಇಡಲಿಲ್ಲ.